ಒಟ್ಟು ಮೊತ್ತದ ಸಾಲಲ್ಲಿ ಬರೀ ಹ್ಯಾಶ್

2024 ನವೆಂಬರ್ 12, ಮಂಗಳವಾರ

ಇವತ್ತು ಮೀಟಿಂಗ್‌ಗೆ ಸ್ವಲ್ಪ ಮುಂಚೆ ಇನ್ನೊಂದು ವಿಭಾಗದಿಂದ ಖರ್ಚಿನ ಪಟ್ಟಿಯ ಪಿಡಿಎಫ್ ಬಂತು. ತಿಂಗಳು ತಿಂಗಳ ಅಂಕಿಗಳೆಲ್ಲ ಚೆನ್ನಾಗಿಯೇ ಕಾಣುತ್ತಿದ್ದವು. ಕೆಳಗೆ ಒಟ್ಟು ಮೊತ್ತದ ಸಾಲಲ್ಲಿ ಮಾತ್ರ ಎಡದಿಂದ ಬಲಕ್ಕೆ ಬರೀ ########. ಹೊಸದಾಗಿ ಸೇರಿರುವ ಹುಡುಗ ಗಾಬರಿಯಾಗಿ, "ಮೇಡಂ, ಫೈಲ್ ಕರಪ್ಟ್ ಆಗಿದೆ ಅನ್ಸುತ್ತೆ. ಇನ್ನೊಂದ್ಸಲ ಕಳಿಸೋಕೆ ಹೇಳ್ಲಾ?" ಅಂದ. "ಏನೂ ಆಗಿಲ್ಲಪ್ಪಾ, ಕಾಲಂ ಇಕ್ಕಟ್ಟಾಗಿದೆ ಅಷ್ಟೇ. ಅವರು ಅದನ್ನೇ ಮತ್ತೆ ಕಳಿಸಿದರೆ ಮತ್ತೆ ಹ್ಯಾಶೇ ಬರುತ್ತೆ. ಪಿಡಿಎಫ್ ಬೇಡ, ಎಕ್ಸೆಲ್ ಫೈಲೇ ಕಳಿಸಿ ಅನ್ನು" ಅಂದೆ.

ಗಮನಿಸಿದ್ದೀರಾ, ಈ ಹ್ಯಾಶ್ ಕಾಟ ಮೊದಲು ಬರುವುದು ಮೊತ್ತದ ಸಾಲಿಗೇ. ಕಾಲಂ ಅಗಲ ನೋಡಿಕೊಳ್ಳುವಾಗ ನಮ್ಮ ಕಣ್ಣು ಮೇಲಿನ ಸಾಲುಗಳ ಮೇಲಿರುತ್ತದೆ. ಅವೆಲ್ಲ ಐದಾರು ಅಂಕಿಯವು. ಕೂಡಿದಾಗ ಬರುವ ಸಂಖ್ಯೆಗೆ ಒಂದೆರಡು ಅಂಕಿ ಜಾಸ್ತಿ, ಒಂದು ಕಾಮಾ ಜಾಸ್ತಿ. ಜೊತೆಗೆ ಅದನ್ನು ದಪ್ಪಕ್ಷರ ಬೇರೆ ಮಾಡಿರುತ್ತೇವೆ, ಅದಕ್ಕೆ ಇನ್ನಷ್ಟು ಜಾಗ ಬೇಕು. ಹೀಗಾಗಿ ಎಲ್ಲರೂ ನೋಡಲು ಬಂದ ಸಂಖ್ಯೆ ಯಾವುದೋ ಅದೇ ಕಾಣೆ.

ಎಕ್ಸೆಲ್ ಫೈಲ್ ಬಂದ ಮೇಲೆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದೆ. ಹ್ಯಾಶ್ ತುಂಬಿದ ಸೆಲ್ ಮೇಲೆ ಮೌಸ್ ತಂದು ನಿಲ್ಲಿಸಿದರೆ ಒಳಗಿರುವ ಸಂಖ್ಯೆ ಪುಟ್ಟ ಚೌಕದಲ್ಲಿ ಕಾಣುತ್ತದೆ. ಸೆಲ್ ಒತ್ತಿದರೆ ಮೇಲಿನ ಫಾರ್ಮುಲಾ ಬಾರ್‌ನಲ್ಲಿ ಫಾರ್ಮುಲಾ ಕೂಡ ಹಾಗೇ ಇದೆ. ಅಂದರೆ ಲೆಕ್ಕ ಎಲ್ಲೂ ಹೋಗಿಲ್ಲ, ಕಾಣಿಸಲು ಜಾಗ ಇಲ್ಲ ಅಷ್ಟೇ. ಕಾಲಂ ಹೆಸರಿನ ಬಲಗಡೆಯ ಗೆರೆ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಮುಗಿಯಿತು. ಇಡೀ ಶೀಟಿಗೆ ಬೇಕಾದರೆ ಮೂಲೆಯ ತ್ರಿಕೋನ ಒತ್ತಿ ಎಲ್ಲವನ್ನೂ ಆರಿಸಿ, ಯಾವುದಾದರೂ ಒಂದು ಗೆರೆ ಮೇಲೆ ಡಬಲ್ ಕ್ಲಿಕ್. ಮೌಸ್ ಮುಟ್ಟದವರಿಗೆ ಆಲ್ಟ್, ಆಮೇಲೆ ಒಂದಾದ ಮೇಲೊಂದು ಎಚ್, ಓ, ಐ.

ಆದರೆ ಡಬಲ್ ಕ್ಲಿಕ್ ಮಾಡಿದ ಕೂಡಲೇ ಮೊದಲ ಕಾಲಂ ಪರದೆಯ ಅರ್ಧದವರೆಗೂ ಹಿಗ್ಗಿಬಿಟ್ಟಿತು. ಹುಡುಗ ನಕ್ಕ. ಆ ಕಾಲಂನ ತಲೆಯಲ್ಲಿ ಇಡೀ ವರದಿಯ ಶೀರ್ಷಿಕೆ ಕೂತಿತ್ತು, ಎಕ್ಸೆಲ್ ಅದಕ್ಕೂ ಸೇರಿಸಿ ಅಳತೆ ತೆಗೆಯಿತು. ಇಂಥ ಕಡೆ ಸಂಖ್ಯೆಗಳಿರುವ ಸೆಲ್‌ಗಳನ್ನು ಮಾತ್ರ ಆರಿಸಿ, ಹೋಮ್ ಪಟ್ಟಿಯ ಫಾರ್ಮ್ಯಾಟ್‌ನಲ್ಲಿ ಆಟೋಫಿಟ್ ಕಾಲಂ ವಿಡ್ತ್ ಒತ್ತಬೇಕು. ಆಗ ಆರಿಸಿದ ಸೆಲ್‌ಗಳಿಗೆ ಬೇಕಾದಷ್ಟೇ ಅಗಲ ಸಿಗುತ್ತದೆ, ಶೀರ್ಷಿಕೆಯ ಗೊಡವೆ ಇಲ್ಲ. ವರ್ಷಗಟ್ಟಲೆ ಎಕ್ಸೆಲ್ ಬಳಸಿದವರಲ್ಲೂ ಇದು ಗೊತ್ತಿಲ್ಲದವರು ಬೇಕಾದಷ್ಟು ಜನ ಇದ್ದಾರೆ.

"ಅಲ್ಲ ಮೇಡಂ, ಜಾಗ ಇಲ್ಲ ಅಂದ್ರೆ ಹಿಡಿಸುವಷ್ಟು ಅಂಕಿ ತೋರಿಸಬಹುದಲ್ವಾ? ಪೂರ್ತಿ ಹ್ಯಾಶ್ ಯಾಕೆ?" ಅಂತ ಕೇಳಿದ. ಒಳ್ಳೆ ಪ್ರಶ್ನೆ. ಹೆಸರಾದರೆ ಅರ್ಧ ಕಂಡರೂ ಊಹಿಸಬಹುದು. 4512800 ಇರುವ ಕಡೆ 45128 ಕಂಡರೆ ಅದು ಅರ್ಧ ಸಂಖ್ಯೆ ಅಂತ ಯಾರಿಗೂ ಅನ್ನಿಸುವುದಿಲ್ಲ. ಅದೂ ಒಂದು ಪೂರ್ತಿ ಸಂಖ್ಯೆಯೇ ತಾನೇ? 45 ಲಕ್ಷ ಹೋಗಿ 45 ಸಾವಿರ ಆಗಿರುತ್ತದೆ, ನೋಡಿದವರು ತಲೆಯಾಡಿಸಿ ಸಹಿ ಹಾಕಿರುತ್ತಾರೆ. ತಪ್ಪು ಸಂಖ್ಯೆ ತೋರಿಸುವುದಕ್ಕಿಂತ ಏನೂ ತೋರಿಸದೆ ಇರುವುದೇ ವಾಸಿ ಅಂತ ಯಾರೋ ಬುದ್ಧಿವಂತರು ತೀರ್ಮಾನಿಸಿದ್ದಾರೆ. ನನ್ನ ಮಟ್ಟಿಗೆ ಎಕ್ಸೆಲ್‌ನಲ್ಲಿರುವ ಒಳ್ಳೆ ಗುಣಗಳಲ್ಲಿ ಇದೂ ಒಂದು.

ಇದು ಎಕ್ಸೆಲ್‌ನವರು ಕಂಡುಹಿಡಿದದ್ದೂ ಅಲ್ಲ. ಎಕ್ಸೆಲ್ ಮೊದಲು ಬಂದದ್ದು 1985ರಲ್ಲಿ, ಮ್ಯಾಕಿಂಟಾಷ್‌ಗೆ. ಅದಕ್ಕೂ ಮುಂಚೆ 1983ರಲ್ಲಿ ಬಂದ ಲೋಟಸ್ 1-2-3 ಅನ್ನುವ ಇಂಥದ್ದೇ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಸಂಖ್ಯೆ ಹಿಡಿಸದಿದ್ದರೆ ಹ್ಯಾಶ್ ಬದಲು ನಕ್ಷತ್ರದ ಗುರುತು ಬರುತ್ತಿತ್ತು. ಅದಕ್ಕೂ ಹಳೆಯ ಫೋರ್ಟ್ರಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲೂ ಇದೇ ಕಥೆ. ನಾಲ್ಕು ಅಂಕಿಯ ಜಾಗ ಕೊಟ್ಟು 12345 ಬರೆಯಲು ಹೇಳಿದರೆ  ನಾಲ್ಕು ನಕ್ಷತ್ರ ಬರೆದು ಕೈ ತೊಳೆದುಕೊಳ್ಳುತ್ತದೆ. ಕೋಬಾಲ್ ಅನ್ನುವ ಇನ್ನೊಂದು ಹಳೆ ಭಾಷೆಯದ್ದು ಮಾತ್ರ ಬೇರೆ ದಾರಿ. ಮೂರು ಅಂಕಿಯ ಜಾಗಕ್ಕೆ 12345 ಅನ್ನು ಮೂವ್ ಮಾಡಿದರೆ ಎಡಗಡೆಯ ಎರಡು ಅಂಕಿ ಸುಮ್ನೆ ಉದುರಿಹೋಗುತ್ತವೆ. 345 ಉಳಿಯುತ್ತದೆ. ಇವೆರಡರಲ್ಲಿ ಯಾವುದು ಬೇಕು ಅಂತ ಹುಡುಗನನ್ನು ಕೇಳಿದೆ. "ನಕ್ಷತ್ರಾನೇ ಬೇಕು" ಅಂದ.

ನಿಜ ಹೇಳಬೇಕಂದ್ರೆ ನನಗೆ ಹ್ಯಾಶ್ ಬಗ್ಗೆ ಭಯ ಇಲ್ಲ. ಅದು ಕಣ್ಣಿಗೆ ರಾಚುತ್ತದೆ, ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಭಯ ಇರುವುದು ಹ್ಯಾಶ್ ಬರಬೇಕಾದ ಕಡೆ ಬಾರದೇ ಇದ್ದಾಗ.

ಖಾಲಿ ಶೀಟ್ ತೆರೆದು ಒಂದು ಸೆಲ್‌ನಲ್ಲಿ 9876543.21 ಹಾಕಿದೆ. ಫಾರ್ಮ್ಯಾಟ್ ಏನೂ ಕೊಡಲಿಲ್ಲ, ಜನರಲ್ ಅಂತಲೇ ಇತ್ತು. ಕಾಲಂನ ಗೆರೆ ಹಿಡಿದು ನಿಧಾನಕ್ಕೆ ಒಳಗೆ ತಳ್ಳುತ್ತಾ ಬಂದೆ. ಮೊದಲು ಪಾಯಿಂಟ್ ಆದ ಮೇಲಿನ ಅಂಕಿಗಳು ಒಂದೊಂದಾಗಿ ಮಾಯ. 9876543 ಉಳಿಯಿತು. ಇದಾದರೂ ಪರವಾಗಿಲ್ಲ. ಇನ್ನೂ ಸ್ವಲ್ಪ ತಳ್ಳಿದಾಗ ಸೆಲ್‌ನಲ್ಲಿ ಒಂದು, ಪಕ್ಕದಲ್ಲಿ ಇಂಗ್ಲಿಷಿನ ಇ, ಆಮೇಲೆ ಪ್ಲಸ್ 07. ಅಂದರೆ ಹತ್ತರ ಏಳನೇ ಘಾತ, ಭರ್ತಿ ಒಂದು ಕೋಟಿ! 98 ಲಕ್ಷ ಚಿಲ್ಲರೆಯನ್ನು ಒಂದು ಕೋಟಿ ಅಂತ ತೋರಿಸಿಬಿಟ್ಟಿತು. ಇನ್ನೂ ಇಕ್ಕಟ್ಟು ಮಾಡಿದ ಮೇಲೆಯೇ ಹ್ಯಾಶ್ ಬಂದದ್ದು. ಅದೇ ಸಂಖ್ಯೆಗೆ ಎರಡು ದಶಮಾಂಶದ ನಂಬರ್ ಫಾರ್ಮ್ಯಾಟ್ ಕೊಟ್ಟು ತಳ್ಳಿದರೆ ಈ ನಾಟಕ ಯಾವುದೂ ಇಲ್ಲ, ಜಾಗ ಸಾಲದಾದ ಕೂಡಲೇ ನೇರವಾಗಿ ಹ್ಯಾಶ್. ಹಣದ ಲೆಕ್ಕದ ಕಾಲಂಗೆ ಜನರಲ್ ಫಾರ್ಮ್ಯಾಟ್ ಬೇಡವೇ ಬೇಡ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬೇರೆ ಸಾಫ್ಟ್‌ವೇರ್‌ನಿಂದ ಇಳಿಸಿದ ಪಟ್ಟಿಯಲ್ಲಿ ಎಷ್ಟೋ ಸಲ ಸಂಖ್ಯೆಗಳು ಟೆಕ್ಸ್ಟ್ ಆಗಿ ಬಂದಿರುತ್ತವೆ. ಸೆಲ್‌ನ ಮೂಲೆಯಲ್ಲಿ ಸಣ್ಣ ಹಸಿರು ತ್ರಿಕೋನ ಕಾಣುತ್ತದಲ್ಲ, ಅವು. ಟೆಕ್ಸ್ಟ್‌ಗೆ ಹ್ಯಾಶ್ ನಿಯಮ ಇಲ್ಲ. ಪಕ್ಕದ ಸೆಲ್ ಖಾಲಿ ಇದ್ದರೆ ಅದರ ಮೇಲೆ ಚಾಚಿಕೊಳ್ಳುತ್ತದೆ, ಖಾಲಿ ಇಲ್ಲದಿದ್ದರೆ ಅಂಚಿನಲ್ಲಿ ಕತ್ತರಿಸಿಕೊಂಡು ನಿಲ್ಲುತ್ತದೆ. ಆಗ ನಾನು ಹೇಳಿದ 45128 ನಿಜವಾಗಿಯೂ ಕಣ್ಣೆದುರಿಗೆ ಬರುತ್ತದೆ. ಸಾಲದ್ದಕ್ಕೆ ಸಮ್ ಫಂಕ್ಷನ್ ಇಂಥ ಸೆಲ್‌ಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ನಾನು ಯಾರ ಶೀಟ್ ಬಂದರೂ ಮೊದಲು ನೋಡುವುದು ಸಂಖ್ಯೆಗಳು ಯಾವ ಕಡೆ ಒರಗಿವೆ ಅಂತ. ಯಾರೂ ಕೈಯಾಡಿಸದಿದ್ದರೆ ಸಂಖ್ಯೆ ಬಲಕ್ಕೆ, ಟೆಕ್ಸ್ಟ್ ಎಡಕ್ಕೆ. ಎಲ್ಲವನ್ನೂ ಚಂದಕ್ಕೆ ಅಂತ ಮಧ್ಯಕ್ಕೆ ತಂದಿಟ್ಟವರ ಮೇಲೆ ನನಗೆ ಸಿಟ್ಟು ಬರುವುದು ಸುಮ್ನೆ ಅಲ್ಲ.

ಅಂದಹಾಗೆ, ಕಾಲಂ ಅಗಲ ಮಾಡಿದರೂ ವಾಪಸ್ ಬಾರದ ಅಂಕಿಗಳೂ ಇವೆ. ಎಕ್ಸೆಲ್ 15 ಅಂಕಿಯವರೆಗೆ ಮಾತ್ರ ಸರಿಯಾಗಿ ಇಟ್ಟುಕೊಳ್ಳುತ್ತದೆ. 16 ಅಂಕಿಯ ಕಾರ್ಡ್ ನಂಬರ್ ಹಾಗೇ ಟೈಪ್ ಮಾಡಿದರೆ ಕೊನೆಯ ಅಂಕಿ ಸೊನ್ನೆ ಆಗಿರುತ್ತದೆ. ಅಂಥದ್ದನ್ನು ಟೈಪ್ ಮಾಡುವ ಮುಂಚೆಯೇ ಟೆಕ್ಸ್ಟ್ ಮಾಡಿಕೊಳ್ಳಬೇಕು.

ಮಧ್ಯಾಹ್ನ ಪ್ರಿಂಟ್ ತೆಗೆಯುವಾಗ ಮತ್ತೆ ಅದೇ ಗೋಳು. ಪರದೆ ಮೇಲೆ ಸರಿಯಾಗಿದ್ದ ಒಂದು ಕಾಲಂ ಕಾಗದದ ಮೇಲೆ ಹ್ಯಾಶ್ ಆಗಿ ಬಂತು. ಪರದೆಯಲ್ಲಿ ಅಕ್ಷರ ತೆಗೆದುಕೊಳ್ಳುವ ಅಗಲಕ್ಕೂ ಪ್ರಿಂಟರ್‌ನಲ್ಲಿ ತೆಗೆದುಕೊಳ್ಳುವ ಅಗಲಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ. ಅಂಚಿಗೆ ಅಂಚು ಕೂತಿದ್ದ ಸಂಖ್ಯೆಗೆ ಅಷ್ಟೇ ಸಾಕು. ಜೂಮ್ ಬದಲಿಸಿದಾಗಲೂ ಹೀಗೆ ಆಗುವುದುಂಟು. ಸ್ವಲ್ಪ ಅಗಲ ಕೊಟ್ಟೆ, ಕೊನೆಯ ಕಾಲಂ ಎರಡನೇ ಹಾಳೆಗೆ ಹಾರಿತು. ಗಿಡ್ಡ ಕಂಬಳಿ ಥರ, ತಲೆಗೆ ಎಳೆದರೆ ಕಾಲಿಗಿಲ್ಲ. ಶ್ರಿಂಕ್ ಟು ಫಿಟ್ ಹಾಕಿದರೆ ಹ್ಯಾಶ್ ಹೋಗುತ್ತದೆ ನಿಜ, ಆದರೆ ಒಟ್ಟು ಮೊತ್ತ ಇರುವೆ ಸಾಲಿನಷ್ಟು ಸಣ್ಣಗೆ ಕಾಣುತ್ತದೆ. ನನಗಿಷ್ಟ ಇಲ್ಲ. ಹಾಳೆ ಅಡ್ಡ ಮಾಡಿ, ಯಾರೂ ಓದದ ಪೈಸೆಯ ಎರಡು ಅಂಕಿ ತೆಗೆಸಿದೆ. ಎಲ್ಲ ಒಂದೇ ಹಾಳೆಯಲ್ಲಿ ಕೂತಿತು.

ಸಂಜೆ ಹೊರಡುವ ಹೊತ್ತಿಗೆ ಹುಡುಗ ಹಾಜರಿ ಶೀಟ್ ಹಿಡಿದು ಬಂದ. "ಮೇಡಂ, ಇದಕ್ಕೆ ಎಷ್ಟು ಅಗಲ ಮಾಡಿದ್ರೂ ಹ್ಯಾಶ್ ಹೋಗ್ತಾ ಇಲ್ಲ." ಕಾಲಂ ಅಗಲ ಮಾಡಿದಷ್ಟೂ ಹ್ಯಾಶ್ ಕೂಡ ಉದ್ದ ಆಗುತ್ತಿತ್ತು. ನೋಡಿದರೆ ರಾತ್ರಿ ಪಾಳಿ. ಬಂದದ್ದು ರಾತ್ರಿ 10ಕ್ಕೆ, ಹೋದದ್ದು ಬೆಳಿಗ್ಗೆ 6ಕ್ಕೆ. ಆರರಿಂದ ಇಪ್ಪತ್ತೆರಡು ಕಳೆದರೆ ಮೈನಸ್ 16 ಗಂಟೆ. ಎಕ್ಸೆಲ್ ಮಾಮೂಲಿಯಾಗಿ ಬಳಸುವ, 1900ರಿಂದ ದಿನ ಎಣಿಸುವ ಪದ್ಧತಿಯಲ್ಲಿ ಮೈನಸ್ ಸಮಯ ಅನ್ನುವುದೇ ಇಲ್ಲ, ಅದಕ್ಕೂ ಹ್ಯಾಶ್ ತುಂಬಿಸುತ್ತದೆ. ಇದು ಜಾಗದ ತೊಂದರೆ ಅಲ್ಲ, ಲೆಕ್ಕದ್ದು. ಕಳೆದು ಬಂದದ್ದನ್ನು, ಭಾಗಿಸಿ ಶೇಷ ಕೊಡುವ ಮಾಡ್ ಫಂಕ್ಷನ್ ಒಳಗೆ ಹಾಕಿ, ಭಾಜಕದ ಜಾಗಕ್ಕೆ 1 ಕೊಟ್ಟೆ. 8:00 ಬಂತು. ಉಳಿದ ಸಾಲುಗಳಿಗೆ ಎಳೆಯೋದು ನಾಳೆ ಅವನೇ ಮಾಡ್ತಾನಂತೆ.