ಮಡಚಿದ ಮೇಲಿನ ಅಳತೆ

ಸೈಕಲ್ ಕೊಳ್ಳುವವರು ಸಾಮಾನ್ಯವಾಗಿ ಅದನ್ನು ತುಳಿದು ನೋಡುತ್ತಾರೆ. ಮಡಚುವ ಸೈಕಲ್ ಹುಡುಕಿಕೊಂಡು ಹೊರಟ ನಾನು ಅಂಗಡಿಗಳಿಗೆ ಅಮ್ಮನ ಹೊಲಿಗೆ ಡಬ್ಬಿಯ ಟೇಪನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದೆ.

ನಮ್ಮ ಮನೆ ಕೋಣನಕುಂಟೆ ಕ್ರಾಸ್ ಮೆಟ್ರೊ ನಿಲ್ದಾಣಕ್ಕೆ ಎರಡೂವರೆ ಕಿಲೋಮೀಟರ್ ದೂರದಲ್ಲಿದೆ, ನಾನು ಎಂ.ಎಸ್ಸಿ. ಓದುತ್ತಿರುವುದು ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ. ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು, ನೇರಳೆ ಮಾರ್ಗ ಹಿಡಿದು ಜ್ಞಾನಭಾರತಿ ನಿಲ್ದಾಣದಲ್ಲಿ ಇಳಿದರೆ ಪ್ರಯಾಣ ಮುಗಿಯಿತೆಂದು ಊರಿನ ನೆಂಟರು ತಿಳಿದಿದ್ದಾರೆ. ಆದರೆ ನಿಲ್ದಾಣವಿರುವುದು ಮೈಸೂರು ರಸ್ತೆಯ ಮೇಲೆ. ಸಾವಿರ ಎಕರೆಗೂ ಮಿಕ್ಕಿದ ಆವರಣದೊಳಗೆ ನಮ್ಮ ವಿಭಾಗಕ್ಕೆ ಮತ್ತೆ ಎರಡು ಕಿಲೋಮೀಟರಿಗೂ ಹೆಚ್ಚು ನಡೆಯಬೇಕು. ಮನೆಯ ಕಡೆ ಆಟೊ ಹತ್ತಿದರೆ, 2025ರ ಆಗಸ್ಟ್‌ನಿಂದ ಜಾರಿಗೆ ಬಂದ ದರದಂತೆ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಅಂದರೆ ಒಂದು ಸಲಕ್ಕೆ 45, ಅದೂ ಮೀಟರ್ ಹಾಕಿದರೆ. ಮಾಮೂಲಿ ಸೈಕಲನ್ನು ಕೋಣನಕುಂಟೆಯಲ್ಲಿ ನಿಲ್ಲಿಸಿ ಹೋದರೆ ಅದು ಅಲ್ಲಿಯೇ ಉಳಿಯುತ್ತದೆ, ಜ್ಞಾನಭಾರತಿ ತುದಿಯ ನಡಿಗೆ ನಡಿಗೆಯಾಗಿಯೇ ಇರುತ್ತದೆ. ಎರಡೂ ತುದಿಗೆ ಒಂದೇ ಸೈಕಲ್ ಬೇಕಾದರೆ ಅದು ನನ್ನ ಜೊತೆ ರೈಲು ಹತ್ತಬೇಕು.

ಟೇಪು ಬೇಕಾದದ್ದು ಇದಕ್ಕೆ. ಬೆಂಗಳೂರು ಮೆಟ್ರೊ ರೈಲು ನಿಗಮವು 2020ರ ನವೆಂಬರಿನಲ್ಲಿ ಮಡಚುವ ಸೈಕಲ್ ಒಯ್ಯಲು ಅನುಮತಿ ಕೊಟ್ಟಾಗ, ಮಡಚಿದ ಮೇಲೆ ಅದು 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 25 ಸೆಂ.ಮೀ. ದಪ್ಪ ಹಾಗೂ 15 ಕಿಲೊ ತೂಕವನ್ನು ಮೀರಬಾರದೆಂದು ಹೇಳಿತ್ತು. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು 20 ಇಂಚಿನ ಚಕ್ರದ ಸೈಕಲ್. ಟೈರು ಸೇರಿಸಿದರೆ ಆ ಚಕ್ರದ ವ್ಯಾಸವೇ ಸುಮಾರು 50 ಸೆಂ.ಮೀ., ಅಂದರೆ ಅಗಲಕ್ಕಿದ್ದ 45ರ ಮಿತಿಗಿಂತ ಹೆಚ್ಚು; ಎಷ್ಟೇ ಜಾಣತನದಿಂದ ಮಡಚಿದರೂ ಚಕ್ರವನ್ನು ಮಡಚಲಾಗದು. 1970ರ ದಶಕದಲ್ಲಿ ಲಂಡನ್ನಿನ ಆಂಡ್ರ್ಯೂ ರಿಚಿ ರೂಪಿಸಿದ, ಪುಟ್ಟದಾಗಿ ಮಡಚಿಕೊಳ್ಳುವುದಕ್ಕೇ ಹೆಸರಾದ ಬ್ರಾಂಪ್ಟನ್ ಕೂಡ ಮಡಚಿದಾಗ 58 ಸೆಂ.ಮೀ.ಗೆ ಸಮೀಪದ ಎತ್ತರವಿದೆ. (ಅದರ ಬೆಲೆಯ ಮಾತು ಬಿಡೋಣ.) ಈ ಮಿತಿಯನ್ನು ಬರೆದವರು ಸೂಟ್‌ಕೇಸನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ನನ್ನ ಊಹೆ.

ಕೊನೆಗೆ ವಿದೇಶಕ್ಕೆ ಹೊರಟಿದ್ದ ಹಿರಿಯ ವಿದ್ಯಾರ್ಥಿಯೊಬ್ಬರಿಂದ 16 ಇಂಚಿನ, 12 ಕಿಲೊ ತೂಕದ ಹಳೆಯ ಸೈಕಲನ್ನು 13,500 ರೂಪಾಯಿಗೆ ಕೊಳ್ಳುವುದೆಂದಾಯಿತು. ಹಣ ಕೊಡುವ ಮೊದಲು ಅದನ್ನು ಒಂದು ದಿನಕ್ಕೆ ಕೇಳಿ ಪಡೆದು, ಮಡಚಿ, ನಿಲ್ದಾಣಕ್ಕೆ ಹೊತ್ತೊಯ್ದು ಅಲ್ಲಿಯ ಸಿಬ್ಬಂದಿಗೆ ತೋರಿಸಿದೆ. ಚೀಲ ಹಾಕಿ ಮುಚ್ಚಿಕೊಂಡು, ಜನಸಂದಣಿಯಿಲ್ಲದ ಹೊತ್ತಿನಲ್ಲಿ ಬನ್ನಿ ಎಂದರು. ನಾನೂ ಟೇಪನ್ನು ಜೇಬಿನಿಂದ ತೆಗೆಯಲಿಲ್ಲ. ಅಮ್ಮ ಹಳೆಯ ಪರದೆಯಿಂದ ಚೀಲವೊಂದನ್ನು ಹೊಲಿದುಕೊಟ್ಟರು. ನಾನು ಬೆಳಗಿನ ಏಳಕ್ಕೆ ಮುಂಚೆಯೇ ರೈಲು ಹತ್ತುತ್ತೇನೆ.

ಮಡಚುವುದರಲ್ಲಿ ಒಂದು ಕ್ರಮವಿದೆ. ಮೊದಲು ಸೀಟಿನ ಕಂಬವನ್ನು ಪೂರ್ತಿ ಇಳಿಸಬೇಕು, ಆಮೇಲೆ ಪೆಡಲನ್ನು ಒಳಕ್ಕೆ ತಿರುಗಿಸಬೇಕು, ನಡುವಿನ ಕೀಲಿನ ಹಿಡಿಯನ್ನು ಬಿಚ್ಚಿ ಮುಂದಿನ ಚಕ್ರವನ್ನು ಹಿಂದಿನದರ ಪಕ್ಕಕ್ಕೆ ತರಬೇಕು, ಕೊನೆಗೆ ಹ್ಯಾಂಡಲನ್ನು ಕೆಳಕ್ಕೆ ಬೀಳಿಸಬೇಕು. ಕ್ರಮ ತಪ್ಪಿದರೆ ಪ್ಯಾಂಟಿನ ಮೇಲೆ ಚೈನಿನ ಗ್ರೀಸು ಬೀಳುವುದು ಖಂಡಿತ. ಎರಡನೆಯ ವಾರ ಹಂಪ್ ದಾಟುವಾಗ ಹ್ಯಾಂಡಲ್ ಕಟಕಟ ಎಂದಿತು. ಕೀಲಿನ ಹಿಡಿ ಸಡಿಲವಾಗಿತ್ತು. ನಮ್ಮ ಬೀದಿಯ ಸೈಕಲ್ ಅಂಗಡಿಯವರು ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿ, ದಿನವೂ ಹತ್ತುವ ಮುನ್ನ ಒಮ್ಮೆ ಅಲ್ಲಾಡಿಸಿ ನೋಡಬೇಕೆಂದರು. ಹಾಗೆಯೇ ಮಾಡುತ್ತಿದ್ದೇನೆ.

ಚಿಕ್ಕ ಚಕ್ರ, ಎಷ್ಟು ತುಳಿಯಬೇಕಪ್ಪ ಎಂದು ಲಿಫ್ಟಿನಲ್ಲಿ ಎಲ್ಲರೂ ಕೇಳುತ್ತಾರೆ. ನನ್ನದರಲ್ಲಿ ಮುಂದೆ 52 ಹಲ್ಲು, ಹಿಂದೆ 13. ಪೆಡಲು ಒಂದು ಸುತ್ತು ಹಾಕಿದರೆ ಚಕ್ರ ನಾಲ್ಕು ಸುತ್ತು ಹಾಕಿ ಐದು ಮೀಟರ್ ಸಾಗುತ್ತದೆ. ಅಪ್ಪನ ಹಳೆಯ ಸೈಕಲ್ಲೂ ಹೆಚ್ಚುಕಡಿಮೆ ಅಷ್ಟೇ ಸಾಗುತ್ತಿತ್ತು. ಚಿಕ್ಕ ಚಕ್ರದ ನಿಜವಾದ ತೊಂದರೆ ಗುಂಡಿಗಳದ್ದು: ದೊಡ್ಡ ಚಕ್ರ ತೇಲಿ ದಾಟಿಬಿಡುವ ಗುಂಡಿಯೊಳಗೆ ಇದು ಇಳಿದೇ ಏಳಬೇಕು, ಮಳೆನೀರು ನಿಂತಿದ್ದರಂತೂ ನಾನು ಇಳಿದು ತಳ್ಳಿಕೊಂಡೇ ಹೋಗುತ್ತೇನೆ. ಆವರಣದೊಳಗಿನ ಮರಗಳ ಸಾಲಿಗೆ ಸೇರಿದ ಮೇಲೆ ಈ ಚಿಂತೆ ಕಡಿಮೆ. ವಿಭಾಗದಲ್ಲಿ ಅದಕ್ಕೆ ಬೀಗ ಬೇಕಿಲ್ಲ, ಪ್ರಯೋಗಾಲಯದ ಮೇಜಿನ ಕೆಳಗೆ ಪರದೆ ಹೊದ್ದು ಮಲಗಿರುತ್ತದೆ.

ದಿನಕ್ಕೆ ಎರಡು ಆಟೊ ಎಂದು ಲೆಕ್ಕ ಹಾಕಿದರೆ 150 ದಿನಕ್ಕೆ ಕೊಟ್ಟ ಹಣ ಹುಟ್ಟುತ್ತದೆ. ಇವತ್ತಿಗೆ 62 ದಿನವಾಯಿತು. ಕಳೆದ ವಾರ ಹಿಂದಿನ ಟ್ಯೂಬು ಒಡೆದಾಗ ಮಕ್ಕಳ ಸೈಕಲ್ಲಿನ ಟ್ಯೂಬೇ ಸರಿಹೊಂದಿತು. ಕೂಲಿ ಸೇರಿ 180 ರೂಪಾಯಿಯಾದ್ದರಿಂದ ಇನ್ನೆರಡು ದಿನ ಸೇರಿಸಿಕೊಂಡಿದ್ದೇನೆ.