ಹತ್ತು ಗಂಟೆಯ ಸೀಟು

ಇವತ್ತು ಬೆಳಿಗ್ಗೆ ಟೋಕಿಯೋದ ಯಾಮಾನೋತೆ ಲೈನಿನ ರೈಲಿನಲ್ಲಿ ನಿಂತುಕೊಂಡೇ ಆಫೀಸಿಗೆ ಬಂದೆ. ಕಾಲು ನೋವು ಅಂತ ಗೊಣಗಿದ್ದಕ್ಕೆ ಪಕ್ಕದ ಟೇಬಲಿನ ಹಿರಿಯರು ನಕ್ಕರು.

"ನಮ್ಮ ಕಾಲದಲ್ಲಿ ಸೀಟೇ ಇರಲಿಲ್ಲ!"

ಸುಮ್ನೆ ರೈಲು ಬಿಡ್ತಿದ್ದಾರೆ ಅಂದುಕೊಂಡೆ. ಇಲ್ಲ, ನಿಜವಂತೆ.

ಆಗ ಓಡುತ್ತಿದ್ದದ್ದು 205 ಸೀರೀಸ್ ಅನ್ನೋ ಮಾದರಿಯ ರೈಲು. 1985ರಲ್ಲಿ ಬಂದ ಸ್ಟೀಲ್ ಮೈಯ ರೈಲು, ಮೇಲೊಂದು ಹಸಿರು ಪಟ್ಟಿ. ಜನ ಜಾಸ್ತಿಯಾದರು ಅಂತ 1991ರ ಕೊನೆಗೆ ಹನ್ನೊಂದನೇ ಬೋಗಿ ಸೇರಿಸಿದರು. ಆ ಹೊಸ ಬೋಗಿಗೆ ಒಂದು ಬದಿಗೆ ನಾಲ್ಕಲ್ಲ, ಆರು ಬಾಗಿಲು. ಬೆಳಗಿನ ಹೊತ್ತು ಅದರ ಸೀಟುಗಳನ್ನೆಲ್ಲ ಗೋಡೆಗೆ ಮಡಚಿ ಲಾಕ್ ಮಾಡಿಬಿಡುತ್ತಿದ್ದರು. ಬಿಚ್ಚುತ್ತಿದ್ದದ್ದು ಹತ್ತು ಗಂಟೆಗೆ!

ಹಿರಿಯರು ಅಂಗೈಯನ್ನು ಗೋಡೆಗೆ ಒತ್ತಿ, ನಿಧಾನವಾಗಿ ಕೆಳಗಿಳಿಸಿ ತೋರಿಸಿದರು. ಹೀಗೆ ಸೀಟು ಎಳೆದು ಕೂರಬೇಕಿತ್ತಂತೆ. ಒಮ್ಮೆ ಆಫೀಸಿಗೆ ತಡವಾಗಿ ಹೊರಟಾಗ ಹತ್ತು ದಾಟಿತ್ತು, ಆರಾಮಾಗಿ ಕೂತು ಬಂದೆ, ಬೈಸಿಕೊಂಡರೂ ಖುಷಿಯಾಗಿತ್ತು ಅಂದರು. ಸೀಟಿನ ಬೆಲೆ ಗೊತ್ತಿದ್ದವರು, ಅಲ್ವಾ?

ಯಾಮಾನೋತೆಯಲ್ಲಿ 205 ಕೊನೆಯ ಸಲ ಓಡಿದ್ದು 2005ರಲ್ಲಿ. ಆಮೇಲೆ ಬಂದ ರೈಲಿನಲ್ಲೂ ಆರು ಬಾಗಿಲಿನ ಬೋಗಿ ಇತ್ತು. ಪ್ಲಾಟ್‌ಫಾರ್ಮಿಗೇ ಬಾಗಿಲು ಹಾಕಲು ಶುರು ಮಾಡಿದ ಮೇಲೆ ಎರಡರ ಬಾಗಿಲುಗಳ ಲೆಕ್ಕ ಹೊಂದದೆ ಅದೂ ಹೋಯಿತು. ಹಳೆಯ 205ಗಳು ಎಷ್ಟೋ ಜಕಾರ್ತಕ್ಕೆ ಹೋಗಿ ಅಲ್ಲಿ ಮತ್ತೆ ಜನ ತುಂಬಿಕೊಂಡು ಓಡಿದವು. ರಿಟೈರ್ ಆಗಿ ಇನ್ನೊಂದೂರಲ್ಲಿ ಕೆಲಸಕ್ಕೆ ಸೇರಿದ ಹಾಗೆ.

ಸಂಜೆ ವಾಪಸ್ ಬರುವಾಗ ಸೀಟು ಸಿಕ್ಕಿತು. ಕೂರುವ ಮುಂಚೆ ಸುಮ್ನೆ ಒಂದು ಸಲ ಒತ್ತಿ ನೋಡಿದೆ. ಎದುರಿಗಿದ್ದ ಅಜ್ಜಿ ವಿಚಿತ್ರವಾಗಿ ನೋಡಿದರು.