ಟೆಸ್ಟಲ್ಲಿ ರಾತ್ರಿ ಓಡಿಸೋದು ಇರುತ್ತಾ?

ಡ್ರೈವಿಂಗ್ ಕಲಿಯುವ ಹುಡುಗರೆಲ್ಲ ನನ್ನನ್ನು ಕೇಳುವುದು ಇದನ್ನೇ. "ಅಣ್ಣಾ, ಆರ್‌ಟಿಓ ಟೆಸ್ಟಲ್ಲಿ ರಾತ್ರಿ ಓಡಿಸೋಕೆ ಹೇಳ್ತಾರಾ? ಹೆಂಗೆ ರೆಡಿ ಆಗ್ಬೇಕು?"

ಇಲ್ಲ ಮಾರಾಯ. ಹಗಲಲ್ಲೇ ಟೆಸ್ಟ್, ಎಂಟು ಹಾಕಿ, ರಿವರ್ಸ್ ತೆಗೆದು ತೋರಿಸಿದರೆ ಮುಗೀತು. ಜರ್ಮನಿಯಲ್ಲಾದರೆ ಕಾರಿನ ಟೆಸ್ಟಿಗೆ ಮುಂಚೆ 45 ನಿಮಿಷದ 3 ಪಾಠ ಕತ್ತಲಲ್ಲೇ ಆಗಬೇಕು. ನಮ್ಮಲ್ಲಿ ಲೈಸೆನ್ಸ್ ಸಿಕ್ಕ ವಾರಕ್ಕೇ ಯಾರದೋ ರಿಸೆಪ್ಷನ್ ಊಟ ಮುಗಿಸಿ, ರಾತ್ರಿ ಹತ್ತಕ್ಕೆ ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಹೊರಟುಬಿಡುತ್ತೇವೆ, ಅದೂ ಜಡಿಮಳೆಯಲ್ಲಿ.

ಅದಕ್ಕೇ ಎಲ್ ಬೋರ್ಡ್ ಇರುವಾಗಲೇ, ಲೈಸೆನ್ಸ್ ಇದ್ದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕೈದು ರಾತ್ರಿ ಓಡಿಸಿ. ಎಲ್‌ಎಲ್‌ಗೆ, ಅಂದರೆ ಕಲಿಯುವವರ ಲೈಸೆನ್ಸಿಗೆ, 6 ತಿಂಗಳು ಅವಧಿ ಇದೆ, 30 ದಿನ ಆಗದೆ ಟೆಸ್ಟಿಗೆ ಬಿಡುವುದೂ ಇಲ್ಲ. ಟೈಮಿಲ್ಲ ಅನ್ನಬೇಡಿ.

ಹೊರಡುವ ಮೊದಲು ಗಾಜು ಒರೆಸಿ, ಒಳಗಡೆಯೂ. ಹಗಲಲ್ಲಿ ಕಾಣದ ಜಿಡ್ಡು ಎದುರಿನ ಲೈಟ್ ಬಿದ್ದ ಕೂಡಲೇ ಗಾಜಿನ ತುಂಬ ಬೆಳ್ಳಗೆ ಹರಡಿಕೊಳ್ಳುತ್ತದೆ. ಹೆಡ್‌ಲೈಟಿನ ಕೆಸರೂ ತೊಳೆಯಿರಿ.

ಆಮೇಲೆ ಸ್ಪೀಡು. ಡಿಮ್‌ನಲ್ಲಿ ಸರಿಯಾಗಿ ಕಾಣುವುದು ಸುಮಾರು 40 ಮೀಟರ್. 60ರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ನುಂಗುತ್ತದೆ, ಕಣ್ಣಿಗೆ ಏನೋ ಬಿದ್ದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ ಸೆಕೆಂಡು ಖರ್ಚಾಗಿರುತ್ತದೆ. ಉಳಿದ ಜಾಗದಲ್ಲಿ, ಒದ್ದೆ ರೋಡಲ್ಲಿ, ಗಾಡಿ ನಿಲ್ಲುವುದು ಅನುಮಾನ. ನಾನು 40 ದಾಟುವುದಿಲ್ಲ. ಹಿಂದಿನವನು ಹಾರ್ನ್ ಹೊಡೆದರೆ ಹೊಡೆಯಲಿ.

ಮಂಡಗದ್ದೆ ದಾಟಿ ಒಂದು ರಾತ್ರಿ ಬರುತ್ತಿದ್ದೆ. ಎದುರಿಗೆ ದೂರದಲ್ಲಿ ಬಸ್ಸು. ಅದರ ಲೈಟಿನ ಮುಂದೆ ಇದ್ದಕ್ಕಿದ್ದಂತೆ ನಾಲ್ಕು ಕಾಲು ಕಂಡವು, ಬರೀ ಕಾಲು. ಎಮ್ಮೆ! ಮುಖ ಆ ಕಡೆ ಇತ್ತು, ಹಾಗಾಗಿ ಕಣ್ಣೂ ಹೊಳೆಯಲಿಲ್ಲ. ಬಸ್ಸು ಬಾರದಿದ್ದರೆ ನೇರ ಹೋಗಿ ಗುದ್ದುತ್ತಿದ್ದೆ. ಅವತ್ತಿನಿಂದ ಎದುರಿನ ಲೈಟನ್ನು ಬೈಯುವುದು ಸ್ವಲ್ಪ ಕಮ್ಮಿ ಮಾಡಿದ್ದೇನೆ. ಆದರೆ ದಿಟ್ಟಿಸಿ ನೋಡಬೇಡಿ, ಕಣ್ಣು ಕತ್ತಲೆ ಬರುತ್ತದೆ. ಎಡಗಡೆಯ ಬಿಳಿ ಗೆರೆ ಹಿಡಿದುಕೊಂಡು ಹೋಗಿ. ಗಾಡಿ ಎದುರು ಬಂದರೆ ನೀವೂ ಡಿಮ್ ಮಾಡಿ.

ಮಂಜು ಕವಿದಾಗ ಹೊಸಬರೆಲ್ಲ ಮಾಡುವ ತಪ್ಪು ಒಂದೇ, ಕಾಣುತ್ತಿಲ್ಲ ಅಂತ ಬ್ರೈಟ್ ಹಾಕುವುದು. ಬೆಳಕು ಹನಿಗಳಿಗೆ ಬಡಿದು ವಾಪಸ್ ನಿಮ್ಮ ಕಣ್ಣಿಗೇ ಬರುತ್ತದೆ, ಬಿಳಿ ಗೋಡೆ ಕಟ್ಟಿದ ಹಾಗೆ. ಡಿಮ್ಮೇ ಸರಿ.

ಆಗುಂಬೆ ಘಾಟಿಯನ್ನು ಮಾತ್ರ ಹಗಲಲ್ಲಿ ಎರಡು ಸಲ ಇಳಿದು ಹತ್ತದೆ ರಾತ್ರಿ ಮುಟ್ಟಬೇಡಿ. 14 ಹೇರ್‌ಪಿನ್ ತಿರುವು. ತಿರುವಿಗೆ ಮುಂಚೆ ಡಿಮ್-ಬ್ರೈಟ್ ಮಾಡಿ, ಹತ್ತಿ ಬರುವವರಿಗೆ ದಾರಿ ಬಿಡಿ, ಇಳಿಯುವಾಗ ಗೇರ್ ಎರಡರಲ್ಲೇ ಇರಲಿ. ಹೋಳಿಗೆ ಜಾಸ್ತಿ ಹೊಡೆದು ಕಣ್ಣು ಎಳೆಯುತ್ತಿದ್ದರೆ, ಸುಮ್ನೆ ಮೇಲೇ ಎಲ್ಲಾದರೂ ಮಲಗಿ ಬೆಳಗ್ಗೆ ಇಳಿಯಿರಿ.